ಪಾಠ ಕಿವಿ ಮುಟ್ಟುವ ದಾರಿ

ಕನ್ನಡ ಪಿರಿಯಡ್. ಟೀಚರ್ ಉಕ್ತಲೇಖನ ಹೇಳುತ್ತಿದ್ದಾರೆ. ಅವರು 'ಸಾಲು' ಎಂದರೆ ಹಿಂದಿನ ಬೆಂಚಿನ ಹುಡುಗಿ 'ಹಾಲು' ಎಂದು ಬರೆಯುತ್ತಾಳೆ. 'ಶಾಲು' ಎಂದರೆ ಅವಳ ಪುಸ್ತಕದಲ್ಲಿ 'ಕಾಲು' ಮೂಡುತ್ತದೆ. ಹತ್ತು ಪದಗಳಲ್ಲಿ ಆರು ತಪ್ಪು. ಅವಳ ಕಿವಿಯ ಹಿಂದೆ ಶ್ರವಣ ಸಾಧನವಿದೆ, ಬ್ಯಾಟರಿಯೂ ಹೊಸದೇ. ಸಂಜೆ ಮನೆಯಲ್ಲಿ ತಾಯಿ ಪಕ್ಕದಲ್ಲಿ ಕೂರಿಸಿಕೊಂಡು ಅದೇ ಹತ್ತು ಪದ ಹೇಳಿದರೆ ಒಂದೂ ತಪ್ಪಿಲ್ಲ. 'ಮನೇಲಿ ಎಲ್ಲಾ ಕೇಳಿಸುತ್ತೆ, ಕ್ಲಾಸಲ್ಲಿ ನಿನ್ನ ಗಮನ ಎಲ್ಲಿರುತ್ತೆ?' ಎಂಬ ಬೈಗುಳ ಮಾತ್ರ ಅವಳ ಪಾಲಿಗೆ.

ಕಿವಿ ಮಂದವಿರುವ ಮಗುವಿನ ಮನೆಯಲ್ಲಿ ಇಂಥ ಸಂಜೆಗಳು ಹೊಸತಲ್ಲ. ಇಲ್ಲಿ ತಪ್ಪು ಹುಡುಗಿಯದೂ ಅಲ್ಲ, ಸಾಧನದ್ದೂ ಅಲ್ಲ. ತಪ್ಪೆಲ್ಲ ದೂರದ್ದು. ಈ ದೂರವನ್ನು ಅಳಿಸಲೆಂದೇ ಒಂದು ಪುಟ್ಟ ಏರ್ಪಾಡು ಇದೆ. ಟೀಚರ್ ಕೊರಳಲ್ಲಿ ಒಂದು ವೈರ್‌ಲೆಸ್ ಮೈಕ್, ಮಗುವಿನ ಸಾಧನದ ಜೊತೆಗೆ ಅದರ ಮಾತನ್ನು ಹಿಡಿಯುವ ಒಂದು ರಿಸೀವರ್. ನೋಡಲು ಸರಳ. ಆದರೆ ಆರಿಸುವಾಗ ಮತ್ತು ಬಳಸುವಾಗ ಎಡವಿದರೆ, ಕೊಟ್ಟ ಹಣ ಪೆಟ್ಟಿಗೆ ಸೇರುತ್ತದೆ.

ದೂರದ ಲೆಕ್ಕ

ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ದನಿಯ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಟೀಚರ್ ಬಾಯಿಂದ 1 ಮೀಟರ್ ದೂರದಲ್ಲಿ 66 ಡೆಸಿಬೆಲ್ ಇರುವ ಮಾತು 2 ಮೀಟರಿನಲ್ಲಿ 60, 4 ಮೀಟರಿನಲ್ಲಿ 54, 8 ಮೀಟರಿನಲ್ಲಿ 48 ಆಗುತ್ತದೆ. ಕೋಣೆಯೊಳಗೆ ಗೋಡೆಗೆ ಬಡಿದು ಮರಳುವ ದನಿಯೂ ಸೇರುವುದರಿಂದ ಇಳಿಕೆ ಇಷ್ಟು ಇರುವುದಿಲ್ಲ. ಆದರೆ ಆ ಮಾರ್ದನಿ ಒಂದು ಅಕ್ಷರದ ಮೇಲೆ ಇನ್ನೊಂದನ್ನು ಹೇರಿ ಮಾತನ್ನು ಕಲಸಿಬಿಡುತ್ತದೆ. ಜೊತೆಗೆ ಫ್ಯಾನಿನ ಸದ್ದು, ಬೆಂಚು ಎಳೆಯುವ ಸದ್ದು, ಪಕ್ಕದ ತರಗತಿಯ ಮಗ್ಗಿ.

ಹಾಗಾದರೆ ಪದಗಳು ಅದಲುಬದಲಾಗುವುದೇಕೆ? ಸಾಲು, ಹಾಲು, ಕಾಲು, ಪಾಲು, ಶಾಲು ಇವುಗಳಲ್ಲಿ 'ಆಲು' ಎಂಬ ಭಾಗ ಗಟ್ಟಿಯಾದದ್ದು, ದೂರಕ್ಕೂ ತಲುಪುತ್ತದೆ. ಪದದ ಅರ್ಥವನ್ನು ಹೊತ್ತಿರುವ ಸ, ಹ, ಕ, ಪ, ಶ ವ್ಯಂಜನಗಳು ಮಾತ್ರ ತೀರ ಕ್ಷೀಣ. ಗದ್ದಲದಲ್ಲಿ ಮೊದಲು ಮುಳುಗುವುದು ಅವೇ. ಕಿವಿ ಚೆನ್ನಾಗಿರುವವರು ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ. ಭಾಷೆಯನ್ನು ಇನ್ನೂ ಕಲಿಯುತ್ತಿರುವ ಮಗುವಿಗೆ ಆ ಊಹೆ ಕಷ್ಟ.

ಇಂಥ ಮಕ್ಕಳಿಗೆ ಟೀಚರ್ ಮಾತು ಸುತ್ತಲಿನ ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕೆಂಬುದು ಶ್ರವಣ ತಜ್ಞರ ಸಲಹೆ. ತರಗತಿಯ ಗದ್ದಲ 55 ಡೆಸಿಬೆಲ್ ಎಂದಿಟ್ಟುಕೊಂಡರೆ ಮೊದಲ ಬೆಂಚಿನಲ್ಲಿಯೂ ಅಷ್ಟು ಅಂತರ ಸಿಗದು. ಶ್ರವಣ ಸಾಧನದ ಕಿವಿ ಇರುವುದು ಮಗುವಿನ ತಲೆಯ ಬಳಿ; ಅಲ್ಲಿಗೆ ಬಂದ ಮಾತನ್ನೂ ಗದ್ದಲವನ್ನೂ ಅದು ಹಿಗ್ಗಿಸುತ್ತದೆ. ಹೊಸ ಡಿಜಿಟಲ್ ಸಾಧನಗಳು ಗದ್ದಲವನ್ನು ಕೊಂಚ ತಗ್ಗಿಸಿದರೂ ಕಳೆದುಹೋದ ವ್ಯಂಜನವನ್ನು ಮರಳಿ ತರಲಾರವು. ಅದೇ ಮೈಕನ್ನು ಟೀಚರ್ ಬಾಯಿಂದ 12.5 ಸೆಂಟಿಮೀಟರ್ ದೂರಕ್ಕೆ ತಂದರೆ? 1 ಮೀಟರಿನಿಂದ ದೂರ ಮೂರು ಬಾರಿ ಅರ್ಧವಾಯಿತು, 18 ಡೆಸಿಬೆಲ್ ಕೂಡಿತು, ಮಾತು 84ಕ್ಕೇರಿತು. ಮಗು ಯಾವ ಬೆಂಚಿನಲ್ಲಿದ್ದರೂ ಟೀಚರ್ ಕಿವಿಯ ಪಕ್ಕದಲ್ಲೇ ಮಾತನಾಡಿದಂತೆ.

ಮೂರು ಬಗೆಯ ರಿಸೀವರ್

ಮೊದಲನೆಯದು ಕೊರಳಿಗೆ ಸರದಂತೆ ಹಾಕಿಕೊಳ್ಳುವ ನೆಕ್‌ಲೂಪ್. ಮೈಕಿನಿಂದ ಬಂದ ಮಾತನ್ನು ಇದು ಕಾಂತಕ್ಷೇತ್ರವನ್ನಾಗಿ ಮಾರ್ಪಡಿಸುತ್ತದೆ. ಶ್ರವಣ ಸಾಧನದೊಳಗಿನ ಟೆಲಿಕಾಯಿಲ್ ಎಂಬ ಸಣ್ಣ ಸುರುಳಿ ಅದನ್ನು ಹಿಡಿಯುತ್ತದೆ. ಟೆಲಿಕಾಯಿಲ್ ಇರುವ ಯಾವ ಕಂಪನಿಯ ಸಾಧನಕ್ಕಾದರೂ ಇದು ಹೊಂದುತ್ತದೆ ಎಂಬುದೇ ದೊಡ್ಡ ಅನುಕೂಲ. ಆದರೆ ವಿದ್ಯುತ್ ವೈರಿಂಗಿನ ಬಳಿ ಗುಂಯ್‌ಗುಡುತ್ತದೆ. ತಲೆ ವಾಲಿಸಿದಂತೆ ದನಿ ಏರಿಳಿಯಲೂಬಹುದು.

ಎರಡನೆಯದು ಕಿವಿಯ ಹಿಂದಿನ ಸಾಧನದ ಬುಡಕ್ಕೆ ಸಿಕ್ಕಿಸುವ ಪುಟ್ಟ ರಿಸೀವರ್. ಇದನ್ನು ಕೂರಿಸುವ ಜೋಡಣೆಗೆ 'ಶೂ' ಎನ್ನುತ್ತಾರೆ. ದನಿ ಸ್ಪಷ್ಟ. ಆದರೆ ಪಾದಕ್ಕೆ ತಕ್ಕ ಬೂಟು ಇದ್ದಂತೆ ಸಾಧನದ ಮಾದರಿಗೆ ತಕ್ಕ ಶೂ ಬೇಕು. ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿಕೊಂಡ ಮಕ್ಕಳಿಗೂ ಅವರ ಪ್ರಾಸೆಸರಿಗೆ ಹೊಂದುವ ರಿಸೀವರುಗಳಿವೆ.

ಮೂರನೆಯದು ಸಾಧನದೊಳಗೇ ಅಡಗಿರುವ ರಿಸೀವರ್. ಹೊರಗೆ ಏನೂ ಕಾಣದು, ಕಳೆದುಹೋಗುವ ಭಯವಿಲ್ಲ. ಆದರೆ ಸಾಮಾನ್ಯವಾಗಿ ಅದೇ ಕಂಪನಿಯ ಮೈಕನ್ನೇ ಕೊಳ್ಳಬೇಕಾಗುತ್ತದೆ.

ಆದ್ದರಿಂದ ರಿಸೀವರಿನ ಯೋಚನೆ ಶುರುವಾಗಬೇಕಾದದ್ದು ಶ್ರವಣ ಸಾಧನ ಕೊಳ್ಳುವ ದಿನವೇ. 'ಇದರಲ್ಲಿ ಟೆಲಿಕಾಯಿಲ್ ಇದೆಯೇ? ಮುಂದೆ ಮೈಕ್ ಜೋಡಿಸಬಹುದೇ?' ಎಂಬ ಎರಡು ಪ್ರಶ್ನೆಗಳನ್ನು ಅಂದೇ ಕೇಳಬೇಕು. ಯಾರಿಗೂ ಕಾಣಬಾರದೆಂದು ಕಿವಿಯೊಳಗೆ ಅಡಗುವ ತೀರ ಚಿಕ್ಕ ಸಾಧನ ಆರಿಸಿದರೆ ಎಷ್ಟೋ ವೇಳೆ ಟೆಲಿಕಾಯಿಲಿಗೂ ಶೂಗೂ ಅದರಲ್ಲಿ ಜಾಗವೇ ಇರುವುದಿಲ್ಲ.

ಕೊಳ್ಳುವ ಮುನ್ನ

ಹಳೆಯ ಬಗೆಯವು ಎಫ್.ಎಂ. ರೇಡಿಯೊ ತತ್ವದವು. ಅಕ್ಕಪಕ್ಕದ ಎರಡು ತರಗತಿಗಳಲ್ಲಿ ಒಂದೇ ಚಾನೆಲ್ ಇದ್ದರೆ ಗಣಿತದ ನಡುವೆ ಸಮಾಜ ಪಾಠ ಕೇಳಿಸುತ್ತದೆ. ಬೇರೆ ಬೇರೆ ಚಾನೆಲ್ ಇಡುವುದೊಂದೇ ಉಪಾಯ. ಹೊಸ ಡಿಜಿಟಲ್ ಬಗೆಯವು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಜಾಗ ಬದಲಿಸುತ್ತ ಕೆಲಸ ಮಾಡುತ್ತವೆ. ಮೈಕ್ ಮತ್ತು ರಿಸೀವರನ್ನು ಒಮ್ಮೆ ಜೋಡಿ ಮಾಡಿದರೆ ಸಾಕು. ಈ ತರಂಗಗಳನ್ನು ಮನುಷ್ಯನ ಮೈ ಹೀರಿಕೊಳ್ಳುತ್ತದೆ. ಹಾಗಾಗಿ ಟೀಚರ್ ಬೋರ್ಡಿನತ್ತ ತಿರುಗಿದಾಗಲೂ ಮಾತು ಕಡಿಯದೆ ಬರುತ್ತದೆಯೇ ಎಂದು ತರಗತಿಯಲ್ಲೇ ಪರೀಕ್ಷಿಸಬೇಕು.

'ಬ್ಲೂಟೂತ್ ಮೈಕ್ ಸಾವಿರ ರೂಪಾಯಿಗೇ ಸಿಗುತ್ತದಲ್ಲ?' ಎಂಬುದು ಸಹಜವಾದ ಪ್ರಶ್ನೆ. ಹಾಡು ಕೇಳಲು ಬಳಸುವ ಸಾಮಾನ್ಯ ಬ್ಲೂಟೂತ್‌ನಲ್ಲಿ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ತಡವಾಗಿ ಬರುವುದುಂಟು. ತುಟಿಯ ಚಲನೆ ನೋಡಿಯೂ ಅರ್ಥ ಮಾಡಿಕೊಳ್ಳುವ ಮಗುವಿಗೆ ತುಟಿ ಒಂದು ಹೇಳಿ ಕಿವಿ ಇನ್ನೊಂದು ಹೇಳಿದಂತಾಗುತ್ತದೆ. ಮೊಬೈಲ್ ವಿಡಿಯೊಗಾಗಿ ಮಾರುವ ಕಾಲರ್ ಮೈಕುಗಳ ರಿಸೀವರ್ ಫೋನಿಗೆ ಹೊಂದೀತೇ ಹೊರತು ಶ್ರವಣ ಸಾಧನಕ್ಕಲ್ಲ. ಮಗುವಿನ ಕಿವಿಗೆ ತಕ್ಕಂತೆ ಗರಿಷ್ಠ ಮಟ್ಟ ಹೊಂದಿಸದ ಅಗ್ಗದ 'ಸೌಂಡ್ ಆಂಪ್ಲಿಫೈಯರ್' ಉಳಿದಿರುವ ಶ್ರವಣಕ್ಕೂ ಕುತ್ತು ತರಬಹುದು. 2022ರಲ್ಲಿ ಪ್ರಕಟವಾದ ಆರಾಕಾಸ್ಟ್ ಎಂಬ ಹೊಸ ಬ್ಲೂಟೂತ್ ವಿಧಾನ ಒಂದೇ ಮೈಕಿನಿಂದ ಹಲವು ಸಾಧನಗಳಿಗೆ ದನಿ ಪ್ರಸಾರ ಮಾಡಬಲ್ಲದು. ಆದರೆ ಮೈಕೂ ಸಾಧನವೂ ಎರಡೂ ಅದಕ್ಕೆ ಒಗ್ಗುವಂತಿದ್ದರೆ ಮಾತ್ರ ಪ್ರಯೋಜನ.

ಸಾಧ್ಯವಾದರೆ ಕೆಲವು ದಿನ ಶಾಲೆಯಲ್ಲಿ ಪ್ರಯೋಗಕ್ಕೆ ಕೇಳಿ. ಸಾಲು, ಹಾಲು, ಶಾಲು ಬಗೆಯ ಇಪ್ಪತ್ತು ಪದಗಳನ್ನು ಟೀಚರ್ ಮೈಕ್ ಇಲ್ಲದೆ ಒಮ್ಮೆ, ಮೈಕ್ ಹಾಕಿ ಒಮ್ಮೆ, ಕ್ರಮ ಬದಲಿಸಿ ಹೇಳಲಿ. ಎರಡು ಅಂಕಗಳ ನಡುವಿನ ಅಂತರ ಯಾವ ಜಾಹೀರಾತಿಗಿಂತಲೂ ನಿಜ ಹೇಳುತ್ತದೆ.

ಟೀಚರ್ ಕೊರಳಲ್ಲಿ

ಮೈಕ್ ಬಾಯಿಂದ ಒಂದು ಗೇಣಿನೊಳಗಿರಬೇಕು. ಸೊಂಟಕ್ಕೆ ಸಿಕ್ಕಿಸಿದರೆ, ಮೇಜಿನ ಮೇಲಿಟ್ಟರೆ ಮತ್ತೆ ದೂರದ ಲೆಕ್ಕವೇ. ಸೆರಗು, ಸರ, ಕೊರಳ ಗುರುತಿನ ಚೀಟಿ ಮೈಕಿಗೆ ಉಜ್ಜಿದರೆ ಮಗುವಿಗೆ ಅದು ಬಿರುಗಾಳಿ. ಇನ್ನೊಂದು ಮಗುವಿಗೆ ಒಂಟಿಯಾಗಿ ಬುದ್ಧಿ ಹೇಳುವಾಗ, ಸ್ಟಾಫ್ ರೂಮಿಗೆ ಹೋಗುವಾಗ ಮೈಕ್ ಮ್ಯೂಟ್ ಮಾಡಬೇಕು. ಇಲ್ಲವಾದರೆ ಅಲ್ಲಿಯ ಮಾತೂ ಮಗುವಿನ ಕಿವಿಗೆ!

ಸಹಪಾಠಿಗಳ ಉತ್ತರವೂ ಪಾಠವೇ. ಓದುವ ಅಥವಾ ಉತ್ತರ ಹೇಳುವ ಮಕ್ಕಳ ಕೈಗೆ ಮೈಕ್ ದಾಟಿಸಬಹುದು. ಆಗದಿದ್ದರೆ ಟೀಚರೇ ಆ ಉತ್ತರವನ್ನು ಒಮ್ಮೆ ಪುನಃ ಹೇಳಲಿ. ಸಾಧನದ ಸ್ವಂತ ಮೈಕನ್ನು ಪೂರ್ತಿ ಮುಚ್ಚಿಬಿಟ್ಟರೆ ಪಕ್ಕದ ಗೆಳತಿ ಕರೆದದ್ದು ಕೇಳಿಸದು. ಎರಡೂ ದನಿ ಹದವಾಗಿ ಬರುವಂತೆ ಶ್ರವಣ ತಜ್ಞರಿಂದಲೇ ಹೊಂದಿಸಿಕೊಳ್ಳಬೇಕು.

ಬೆಳಗಿನ ಆರು ದನಿ

ಶಾಲೆಯಲ್ಲಿ ಕರೆಂಟ್ ನಂಬಿಕೊಳ್ಳದೆ ಮೈಕನ್ನು ರಾತ್ರಿಯೇ ಮನೆಯಲ್ಲಿ ಚಾರ್ಜ್ ಮಾಡಿ. ಬೆಳಿಗ್ಗೆ ಒಂದು ನಿಮಿಷದ ಪರೀಕ್ಷೆ ಸಾಕು. ಡೇನಿಯಲ್ ಲಿಂಗ್ ಎಂಬ ಶಿಕ್ಷಣ ತಜ್ಞರು ರೂಪಿಸಿದ ಆರು ದನಿಗಳಿವು: ಆ, ಊ, ಈ, ಮ್, ಶ್, ಸ್. ಮಾತಿನ ತಗ್ಗು ಸ್ವರದಿಂದ ಎತ್ತರದ ಸ್ವರದವರೆಗಿನ ಹರವೆಲ್ಲ ಇವುಗಳಲ್ಲಿ ಬರುತ್ತದೆ. ತಾಯಿ ಅಥವಾ ತಂದೆ ಮೈಕ್ ಹಾಕಿಕೊಂಡು ದೂರ ನಿಂತು, ತುಟಿ ಕಾಣದಂತೆ ಒಂದೊಂದಾಗಿ ಹೇಳಲಿ. ಮಗು ಪುನಃ ಹೇಳಲಿ. ನಿನ್ನೆ ಕೇಳಿಸುತ್ತಿದ್ದ 'ಸ್' ಇಂದು ಕೇಳಿಸದಿದ್ದರೆ ಬ್ಯಾಟರಿ, ಟ್ಯೂಬಿನ ಕೊಳೆ ಅಥವಾ ಕಿವಿಯ ತೊಂದರೆ ಇರಬಹುದು.

ಹಕ್ಕಿನ ಮಾತು

ಈ ಸಲಕರಣೆಯ ಬೆಲೆ ಕಡಿಮೆಯೇನಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೆಯ ಕಲಂ ಪ್ರಕಾರ, ಶೇಕಡಾ 40 ಅಥವಾ ಹೆಚ್ಚು ನ್ಯೂನತೆಯ ಪ್ರಮಾಣಪತ್ರವಿರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ತಕ್ಕ ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸಲು ಸರ್ಕಾರ ಕ್ರಮ ಕೈಗೊಳ್ಳಬೇಕು. ಹಾಗಾಗಿ ತಜ್ಞರ ಶಿಫಾರಸು ಪತ್ರದೊಂದಿಗೆ ಮುಖ್ಯೋಪಾಧ್ಯಾಯರ ಮೂಲಕ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಲಿಖಿತ ಅರ್ಜಿ ಕೊಡುವುದು ಒಳ್ಳೆಯದು. ಪರೀಕ್ಷೆ ಮತ್ತು ಸಲಹೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕೊನೆಗೆ ಒಂದು ಮಾತು. ಹತ್ತು ಹನ್ನೆರಡು ವರ್ಷಕ್ಕೆ ಬಂದ ಮಕ್ಕಳು ಎಲ್ಲರೂ ನೋಡುತ್ತಾರೆಂದು ಮೈಕನ್ನು ಬ್ಯಾಗಿನಿಂದ ಹೊರತೆಗೆಯದಿರುವುದುಂಟು. ಬೈದರೆ ಪ್ರಯೋಜನವಿಲ್ಲ. ಇದು ಹೇಗೆ ಕೆಲಸ ಮಾಡುತ್ತದೆಂದು ಆ ಹುಡುಗಿಯೇ ತರಗತಿಗೆ ತೋರಿಸಲಿ. ಟೀಚರ್ ಕೈಗೆ ಮೈಕ್ ಕೊಡುವ ಕೆಲಸವೂ ಅವಳದೇ ಆಗಲಿ. ಗೆಳೆಯರಿಗೆ ಅದು ಕನ್ನಡಕದಷ್ಟೇ ಮಾಮೂಲಿಯಾಗಲು ಬಹಳ ದಿನ ಬೇಕಿಲ್ಲ. ಆಮೇಲೆ ಉಕ್ತಲೇಖನದಲ್ಲಿ ಅವಳೂ ಒಂದೆರಡು ತಪ್ಪು ಮಾಡಿಯಾಳು. ಆದರೆ ಅವು ಕಲಿಯುವ ಮಕ್ಕಳೆಲ್ಲ ಮಾಡುವ ತಪ್ಪುಗಳಾಗಿರುತ್ತವೆ, ಕೇಳಿಸದೆ ಮಾಡಿದವಲ್ಲ.