ಸಾರಿನ ಪುಡಿಗೂ ಒಂದು ಪರ್ಮಿಟ್ಟು

ಮೊದಲ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಊರಿಂದ ತಂದ ಸಾರಿನ ಪುಡಿ ಖಾಲಿಯಾಗಿರತ್ತೆ. ಆಮೇಲೆ ಯಾರೋ ಒಂದು ವಾಟ್ಸಾಪ್ ನಂಬರು ಕೊಡ್ತಾರೆ. ಫ್ರೀಮಾಂಟ್ ಕಡೆಯೋ ಸನ್ನಿವೇಲ್ ಕಡೆಯೋ ಇರುವ ಒಬ್ಬ ಆಂಟಿ. ಮನೆಯಲ್ಲೇ ಹುರಿದು ಮಾಡಿದ ಪುಡಿ, ಹಬ್ಬ ಬಂದರೆ ಹೋಳಿಗೆ. ನಾವು ದುಡ್ಡು ಕಳಿಸಿ ಡಬ್ಬಿ ತಗೊಂಡು ಬರ್ತೀವಿ. ಇದೊಂದು ವ್ಯಾಪಾರ ಅಂತ ನಮಗೂ ಅನ್ನಿಸಲ್ಲ, ಎಷ್ಟೋ ಸಲ ಆ ಆಂಟಿಗೂ ಅನ್ನಿಸಲ್ಲ. ವಲಸೆ ಬಂದ ಮಹಿಳೆಯರ ಸಣ್ಣ ಉದ್ಯಮ ಅಂತ ಸಭೆಗಳಲ್ಲಿ ಮಾತಾಡುವುದು ಮಾತ್ರ ಇದರ ಬಗ್ಗೆಯೇ.

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನಿನ ದಾರಿ ಇದೆ. 2013ರ ಜನವರಿಯಿಂದ ಜಾರಿಯಲ್ಲಿರುವ ‘ಕಾಟೇಜ್ ಫುಡ್’ ಕಾನೂನಿನ ಪ್ರಕಾರ, ಕೆಡದ ಕೆಲವು ತಿನಿಸುಗಳನ್ನು ಮನೆಯ ಅಡುಗೆಮನೆಯಲ್ಲೇ ಮಾಡಿ ಮಾರಬಹುದು. ಒಣ ಮಸಾಲೆ ಮಿಶ್ರಣ, ಬಿಸ್ಕತ್ತು, ಬ್ರೆಡ್ಡು, ಜಾಮು ಇತ್ಯಾದಿ ಆ ಪಟ್ಟಿಯಲ್ಲಿವೆ. ನಮ್ಮ ಸಾರಿನ ಪುಡಿ ಒಣ ಮಸಾಲೆಯ ಜಾತಿಗೇ ಸೇರತ್ತೆ; ಉಪ್ಪಿನಕಾಯಿಗೆ ಮಾತ್ರ ಜಾಗವಿಲ್ಲ. ಹೋಳಿಗೆ, ಕೋಡುಬಳೆ ಅಂಥದ್ದನ್ನು ಕೌಂಟಿಯ ಆರೋಗ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ‘ಎ’ ದರ್ಜೆ ಅಂದರೆ ಗಿರಾಕಿಗೆ ನೇರವಾಗಿ ಮಾರುವುದು, ಅದಕ್ಕೆ ನೋಂದಣಿ ಸಾಕು. ‘ಬಿ’ ದರ್ಜೆಯವರು ಅಂಗಡಿಗಳಿಗೂ ಕೊಡಬಹುದು, ಆದರೆ ಅಧಿಕಾರಿ ಮನೆಗೆ ಬಂದು ಅಡುಗೆಮನೆ ನೋಡಿ ಹೋಗ್ತಾರೆ. ವರ್ಷಕ್ಕೆ ಇಷ್ಟೇ ಮಾರಬೇಕು ಅನ್ನೋ ಮಿತಿ ಮೊದಲ ವರ್ಷ 35,000 ಡಾಲರ್ ಇತ್ತು. 2022ರಿಂದ ಅದು ‘ಎ’ ದರ್ಜೆಗೆ 75,000, ‘ಬಿ’ ದರ್ಜೆಗೆ 1,50,000 ಆಯ್ತು. ಪೊಟ್ಟಣದ ಮೇಲೆ ಮನೆಯ ಅಡುಗೆಮನೆಯಲ್ಲಿ ಮಾಡಿದ್ದು ಅಂತ ಅಚ್ಚು ಹಾಕಿರಲೇಬೇಕು. ನನಗಂತೂ ಅದು ಜಾಹೀರಾತಿನ ಹಾಗೇ ಕಾಣತ್ತೆ.

ಬಿಸಿ ಊಟಕ್ಕೆ ಇನ್ನೊಂದು ಕಾನೂನು, 2019ರಿಂದ. ಮನೆಯಲ್ಲಿ ಅಡುಗೆ ಮಾಡಿ ಅದೇ ದಿನ ಬಡಿಸಬಹುದು, ದಿನಕ್ಕೆ 30 ಊಟ ಮೀರಬಾರದು. ಆದರೆ ಒಂದು ತೊಡಕು: ಕೌಂಟಿ ಒಪ್ಪಿದರೆ ಮಾತ್ರ ಅಲ್ಲಿ ಜಾರಿ. ನಮ್ಮ ಕಡೆ ಅಲಮೀಡಾ, ಸ್ಯಾನ್ ಮಟೇಯೊ ಕೌಂಟಿಗಳು ಒಪ್ಪಿವೆ. ಈ ಪರ್ಮಿಟ್ಟಿನಲ್ಲಿ ಕೇಟರಿಂಗ್ ಮಾಡುವ ಹಾಗಿಲ್ಲ. ಅಂದರೆ ನಮ್ಮ ಯುಗಾದಿ ಊಟಕ್ಕೆ ನೂರು ಜನರ ಬಿಸಿಬೇಳೆಬಾತ್ ಬೇಕಾದರೆ ಅದು ವಾಣಿಜ್ಯ ಅಡುಗೆಮನೆಯಿಂದಲೇ ಬರಬೇಕು, ಮತ್ತು ಅದರ ಬಾಡಿಗೆ ಇಲ್ಲಿ ಎಷ್ಟಿರಬಹುದು ಅಂತ ನಮ್ಮ ರೂಮಿನ ಬಾಡಿಗೆ ನೋಡಿಯೇ ಊಹಿಸಬಹುದು.

ಈ ಕಷ್ಟಕ್ಕೇ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ 2005ರಲ್ಲಿ ‘ಲಾ ಕೊಸೀನಾ’ ಶುರುವಾಯಿತು. ಕಡಿಮೆ ಆದಾಯದ, ಹೆಚ್ಚಾಗಿ ವಲಸೆ ಬಂದ ಹೆಂಗಸರಿಗೆ ಕಡಿಮೆ ದರದಲ್ಲಿ ಹಂಚಿಕೊಂಡು ಬಳಸುವ ಅಡುಗೆಮನೆ, ಜೊತೆಗೆ ಲೈಸೆನ್ಸು, ಲೆಕ್ಕಪತ್ರ, ಮಾರಾಟದ ಪಾಠ. ನೇಪಾಳಿ ಮೊಮೊ ಮಾಡುವ ‘ಬಿನೀಸ್ ಕಿಚನ್’, ಅರಬ್ ಬೇಕರಿ ‘ರೀಮ್ಸ್’ ಇಲ್ಲಿಂದಲೇ ಬೆಳೆದವು.

ಇನ್ನು ಬಂಡವಾಳ. ಹೊಸದಾಗಿ ಬಂದವರಿಗೆ ಕ್ರೆಡಿಟ್ ಸ್ಕೋರೇ ಇರಲ್ಲ, ಸ್ಕೋರ್ ಇಲ್ಲದೆ ಸಾಲ ಸಿಗಲ್ಲ, ಸಾಲ ತೀರಿಸದೆ ಸ್ಕೋರ್ ಬರಲ್ಲ. ಇಲ್ಲಿ ಹುಟ್ಟಿದ ಹೆಂಗಸರಿಗೂ ಇದು ಸುಲಭವಾಗೇನೂ ಇರಲಿಲ್ಲ ಅನ್ನಿ; ವ್ಯಾಪಾರದ ಸಾಲಕ್ಕೆ ಗಂಡನೋ ಅಪ್ಪನೋ ಸಹಿ ಹಾಕಬೇಕು ಅನ್ನುವ ಕೆಲವು ರಾಜ್ಯಗಳ ನಿಯಮ ಹೋಗಿದ್ದು 1988ರಲ್ಲಿ. ಅದಕ್ಕೆ ಐದು ವರ್ಷ ಮೊದಲು, 1983ರಲ್ಲೇ, ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳ ಸಂಘ ‘ಅವೇಕ್’ ಹುಟ್ಟಿತ್ತು.

ನಮ್ಮ ಅಮ್ಮಂದಿರು ಚೀಟಿ ಹಾಕುವುದು ಗೊತ್ತಲ್ಲ? ಮೆಕ್ಸಿಕೋದವರು ಅದನ್ನೇ ‘ತಾಂದಾ’ ಅಂತಾರೆ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ‘ಮಿಷನ್ ಅಸೆಟ್ ಫಂಡ್’ ಮಾಡಿದ್ದು ಇಷ್ಟೇ: ಆ ಚೀಟಿಯನ್ನು ಕಾಗದದ ಮೇಲೆ ತಂದಿತು. ಹತ್ತು ಜನ ತಿಂಗಳಿಗೆ ನೂರು ಡಾಲರ್ ಹಾಕಿದರು ಅಂತಿಟ್ಟುಕೊಳ್ಳಿ, ಪ್ರತಿ ತಿಂಗಳು ಒಬ್ಬರ ಕೈಗೆ ಸಾವಿರ ಹೋಗತ್ತೆ. ಹರಾಜಿಲ್ಲ, ಬಡ್ಡಿಯಿಲ್ಲ. ಕಟ್ಟಿದ ಪ್ರತಿ ಕಂತೂ ಕ್ರೆಡಿಟ್ ಬ್ಯೂರೋಗೆ ವರದಿಯಾಗತ್ತೆ. ಊರಲ್ಲಿ ಇಪ್ಪತ್ತು ವರ್ಷ ಒಂದು ಕಂತೂ ತಪ್ಪಿಸದೆ ಚೀಟಿ ಕಟ್ಟಿದವರ ನಿಯತ್ತು ಯಾವ ಬ್ಯಾಂಕಿನ ಪುಸ್ತಕದಲ್ಲೂ ಇಲ್ಲ. ಇಲ್ಲಿ ಅದು ದಾಖಲೆಯಾಗತ್ತೆ. ಇನ್ನೂ ದೊಡ್ಡ ಮೊತ್ತ ಬೇಕಾದವರಿಗೆ ‘ಕೀವಾ’ ಅಮೆರಿಕದೊಳಗೆ 15,000 ಡಾಲರ್‌ವರೆಗೆ ಬಡ್ಡಿಯಿಲ್ಲದ ಸಾಲ ಕೊಡಿಸತ್ತೆ.

ಇಷ್ಟೆಲ್ಲ ಇದ್ದೂ ನಮ್ಮ ಆಂಟಿಯಂದಿರಲ್ಲಿ ಹಲವರಿಗೆ ಬಾಗಿಲು ಬೇರೆ ಕಡೆ ಮುಚ್ಚಿರತ್ತೆ: ವೀಸಾ. ಎಚ್-4ನಲ್ಲಿ ಇರುವವರು ಕೆಲಸದ ಪರವಾನಗಿ, ಅಂದರೆ ಇಎಡಿ, ಇಲ್ಲದೆ ದುಡಿಯುವ ಹಾಗಿಲ್ಲ. ಸ್ವಂತ ವ್ಯಾಪಾರವೂ ದುಡಿಮೆಯೇ. ಆ ಪರವಾನಗಿ ಎಚ್-4ನವರಿಗೆ ಸಿಗಲು ಶುರುವಾದದ್ದೇ 2015ರ ಮೇ ತಿಂಗಳಲ್ಲಿ, ಅದೂ ಎಲ್ಲರಿಗಲ್ಲ. ಸಾಮಾನ್ಯವಾಗಿ ಗಂಡನ ಅಥವಾ ಹೆಂಡತಿಯ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ದಾಟಿರಬೇಕು. ಎಂಜಿನಿಯರಿಂಗ್ ಓದಿದವರು ಹತ್ತು ವರ್ಷ ಸುಮ್ಮನೆ ಕೂತು, ಕೊನೆಗೆ ಪುಡಿ ಮಾರೋಣ ಅಂದರೂ ಮೊದಲು ಆ ಕಾರ್ಡನ್ನು ಕಾಯಬೇಕು. ಪರ್ಮಿಟ್ಟಿನ ಮಾತೆತ್ತಿದರೆ ಕೆಲವರು ವಿಷಯ ಬದಲಿಸುವುದು ಸೋಮಾರಿತನದಿಂದಲ್ಲ.

ಹಾಗಾಗಿ ಯಾರನ್ನೂ ಕೇಳದೆ ಅವರ ನಂಬರನ್ನು ಹತ್ತು ಗುಂಪಿಗೆ ಫಾರ್ವರ್ಡ್ ಮಾಡಬೇಡಿ, ಅದು ಸಹಾಯವಲ್ಲ. ನಾವು ಎಫ್-1ನವರು ಬಿಡುವಿದೆ ಅಂತ ಅವರ ಪ್ಯಾಕಿಂಗು, ಡೆಲಿವರಿಗೆ ಕೈಹಾಕುವುದೂ ಅಪಾಯ. ಬೇರೆಯವರಾದರೆ ಸಂಬಳ ಕೊಡುವಂಥ ಕೆಲಸವನ್ನು ನಾವು ಪುಕ್ಕಟೆ ಮಾಡಿದರೂ ಅನುಮತಿಯಿಲ್ಲದ ಕೆಲಸ ಅನ್ನಿಸಿಕೊಳ್ಳಬಹುದು. ನೋಂದಣಿ ಇರುವವರಿಂದ ಕೊಳ್ಳಿ, ಚೌಕಾಸಿ ಮಾಡಬೇಡಿ, ಚೆನ್ನಾಗಿದ್ದರೆ ನಾಲ್ಕು ಸಾಲು ರಿವ್ಯೂ ಬರೆಯಿರಿ. ನಮ್ಮ ಸಂಘದ ದೀಪಾವಳಿಗೆ ದೊಡ್ಡ ಅಂಗಡಿಯ ಸ್ವೀಟ್ ಬಾಕ್ಸ್ ತರಿಸುವ ಬದಲು ‘ಎ’ ದರ್ಜೆ ನೋಂದಣಿ ಇರುವ ಒಬ್ಬರಿಗೆ ಒಂದು ತಿಂಗಳು ಮೊದಲೇ ಆರ್ಡರ್ ಕೊಟ್ಟು, ಅರ್ಧ ಹಣ ಮುಂಗಡ ಕೊಟ್ಟರೆ, ಅವರು ಬೇಳೆ ಸಕ್ಕರೆ ತರಲು ಸಾಲ ಹುಡುಕಬೇಕಾಗಿಲ್ಲ.