ಮರೆಯಲ್ಲಿ ನಿಂತ ಕಿಟಕಿ

ಕಳೆದ ತಿಂಗಳು ಅಡಿಕೆ ಹಣದ ಬಟವಾಡೆ ಒಂದು ದಿನ ತಡವಾಯಿತು. ಸದಸ್ಯ ಬಾಂಧವರಿಗೆ ಕಾರಣ ತಿಳಿಸುವುದು ಕಾರ್ಯದರ್ಶಿಯಾದ ನನ್ನ ಕರ್ತವ್ಯ.

ಅಂದು ಕಚೇರಿಯ ಕಂಪ್ಯೂಟರಿಗೆ ಲೆಕ್ಕಪತ್ರದ ಹೊಸ ಸಾಫ್ಟ್‌ವೇರ್ ಹಾಕುತ್ತಿದ್ದೆವು. ಅದು ಮುಗಿಯುವಷ್ಟರಲ್ಲಿ ಗುಮಾಸ್ತರು ತೂಕದ ಪಟ್ಟಿ ತೆರೆದು ನೋಡತೊಡಗಿದರು. ಕೆಲಸ ಅರ್ಧಕ್ಕೇ ನಿಂತಿತು. ಮುಕ್ಕಾಲು ಗಂಟೆ ಕಾದು, ಯಂತ್ರ ಕೆಟ್ಟಿತೆಂದು ಬಗೆದು, ಸ್ವಿಚ್ ಆರಿಸಲು ಹೇಳಿದವನು ನಾನೇ. ಹಾಕಿದ ಸಾಫ್ಟ್‌ವೇರ್ ಆಮೇಲೆ ತೆರೆಯಲೇ ಇಲ್ಲ. ಬಟವಾಡೆ ಪಟ್ಟಿಯನ್ನು ರಾತ್ರಿಯೆಲ್ಲ ಕುಳಿತು ಕೈಯಲ್ಲೇ ಬರೆದೆವು.

ಮರುದಿನ ಮತ್ತೆ ಹಾಕುವಾಗ ಗುಟ್ಟು ಬಯಲಾಯಿತು. ಅನುಮತಿ ಕೇಳುವ ಸಣ್ಣ ಕಿಟಕಿಯೊಂದು ತೂಕದ ಪಟ್ಟಿಯ ಹಿಂದೆ ಅಡಗಿ, ನಮ್ಮ ಉತ್ತರಕ್ಕೆ ಕಾಯುತ್ತಿತ್ತು!

2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ ಹೀಗೆ ಅನುಮತಿ ಕೇಳುವ ಕ್ರಮವಿದೆ, ಒಳ್ಳೆಯದೇ. ನಾವು ಬೇರೆ ಕೆಲಸದಲ್ಲಿರುವಾಗ ಹೊಸ ಕಿಟಕಿ ಮುಂದೆ ನುಗ್ಗದಂತೆ ವಿಂಡೋಸ್ ಸಾಮಾನ್ಯವಾಗಿ ತಡೆಯುತ್ತದೆ; ಕೆಳಗಿನ ಪಟ್ಟಿಯಲ್ಲಿ ಅದರ ಚಿಹ್ನೆ ಮಾತ್ರ ಮಿನುಗುತ್ತದೆ. ಅದನ್ನು ಒತ್ತಿದರೆ ಕಿಟಕಿ ಎದುರಿಗೆ ಬರುತ್ತದೆ. ಆಲ್ಟ್ ಕೀಲಿ ಹಿಡಿದು ಟ್ಯಾಬ್ ಒತ್ತಿಯೂ ತೆರೆದ ಕಿಟಕಿಗಳನ್ನು ಹುಡುಕಬಹುದು. ಆದರೂ 'ಉತ್ತರಕ್ಕೆ ಕಾಯುತ್ತಿದ್ದೇನೆ' ಎಂಬ ಒಂದು ಸಾಲನ್ನು ಮುಂದಿನ ಕಿಟಕಿಯಲ್ಲಿ ತೋರಿಸಲು ತಯಾರಕರಿಗೆ ಏನು ಕಷ್ಟವಿತ್ತೋ!

ಈ ಎರಡು ಉಪಾಯಗಳನ್ನು ಬರೆದ ಚೀಟಿಯನ್ನು ಗುಮಾಸ್ತರ ಮೇಜಿನ ಎದುರು ಅಂಟಿಸಿದ್ದೇವೆ.