ಕೌದಿಯೊಳಗಿನ ಮಿಲಿಟರಿ ಹಸಿರು

ನಮ್ಮ ಆಯಿ ಹೊಲಿದ ಕೌದಿಯಲ್ಲಿ ಇಳಕಲ್ ಸೀರೆಯ ತುಂಡುಗಳ ನಡುವೆ ನಾಲ್ಕು ಕಡೆ ಮಿಲಿಟರಿ ಹಸಿರು ಬಟ್ಟೆ ಇದೆ. ಮುತ್ಯಾನ ಹಳೆಯ ಅಂಗಿಯದು. ಒಂದು ತುಂಡಿಗೆ ಕಿಸೆ ಹಾಗೇ ಉಳಿದಿದೆ, ಗುಂಡಿ ಸಮೇತ. ಸಣ್ಣವರಿದ್ದಾಗ ಆ ಕಿಸೆಯಲ್ಲಿ ಕೈ ಇಟ್ಟುಕೊಂಡು ಮಲಗಲು ನಾವು ಮೊಮ್ಮಕ್ಕಳು ಜಗಳಾಡುತ್ತಿದ್ದೆವು.

ಆಯಿಯ ತವರು ಹುಕ್ಕೇರಿ ಕಡೆಯ ಹಳ್ಳಿ. 1959ರಲ್ಲಿ ಮದುವೆಯಾಗಿ ಮೂಡಲಗಿ ಹತ್ತಿರ, ಘಟಪ್ರಭೆಯ ದಂಡೆಯ ನಮ್ಮೂರಿಗೆ ಬಂದಳು. ಮೂಡಲಗಿ ಆಗಿನ್ನೂ ಗೋಕಾಕ ತಾಲ್ಲೂಕಿನಲ್ಲಿತ್ತು. ಮುತ್ಯಾ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ತರಬೇತಿ ಮುಗಿಸಿ ಪಲ್ಟನ್ ಸೇರಿದ್ದ. ಪಿಂಚಣಿ ಪಡೆದು ಮನೆಗೆ ಬಂದದ್ದು 1974ರಲ್ಲಿ. ಸೂಟಿ ವರ್ಷಕ್ಕೆ ಎರಡು ತಿಂಗಳು. ಹದಿನೈದು ವರ್ಷದಲ್ಲಿ ಗಂಡ ಹೆಂಡತಿ ಕೂಡಿ ಬಾಳಿದ್ದು ಎರಡೂವರೆ ವರ್ಷ! ಉಳಿದದ್ದೆಲ್ಲ ಹಿರಿಸೊಸೆಯ ಪಾಲಿಗೆ: ಅತ್ತೆ, ಮಾವ, ಮೈದುನರು, ನಾಲ್ಕು ಮಕ್ಕಳು, ಎರಡು ಎಮ್ಮೆ, ಹೊಲ. ಯುದ್ಧಕ್ಕೆ ಹೋದವರ ಹೆಸರು ಕಲ್ಲಿನ ಮೇಲಾದರೂ ಇರುತ್ತದೆ. ಈ ಹೆಂಗಸರ ಚಾಕರಿ ಯಾವ ದಫ್ತರದಲ್ಲೂ ಇಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಮುತ್ಯಾನ ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ಹೆಸರು, ನಂಬರು, ಪಲ್ಟನ್, ಕೊನೆಗೆ ‘56 ಎಪಿಒ’. ಬಂದ ಕಾಗದವನ್ನು ಟಪಾಲಿನವನೇ ಕಟ್ಟೆಯ ಮೇಲೆ ಕೂತು ಓದುತ್ತಿದ್ದ. ಓಣಿಯೆಲ್ಲ ಕೇಳುತ್ತಿತ್ತು. ಮಕ್ಕಳು ಮಲಗಿದ ಮೇಲೆ ಆಯಿ ಮಗನ ಅಂಕಲಿಪಿ ಹಿಡಿದು ಚಿಮಣಿ ಬೆಳಕಿನಲ್ಲಿ ಅಕ್ಷರ ಕಲಿತಳು. ಯಾಕೆ ಎಂದು ಕೇಳಿದರೆ, “ಅವರು ನನಗ ಬರದದ್ದು ಮಂದಿ ಬಾಯಾಗ ಯಾಕ ಕೇಳ್ಲಿ?” ಅನ್ನುತ್ತಿದ್ದಳು.

ಕಲಿತ ಅಕ್ಷರ 1971ರ ಡಿಸೆಂಬರ್‌ನಲ್ಲಿ ಬೇರೊಂದು ಕೆಲಸಕ್ಕೆ ಬಂತು. ಮುತ್ಯಾ ಇದ್ದದ್ದು ಪೂರ್ವದಲ್ಲಿ, ಇಂದಿನ ಬಾಂಗ್ಲಾದೇಶದ ಜಮಾಲಪುರದಲ್ಲಿ ಕಾದಿದ, ‘ಜಂಗಿ ಪಲ್ಟನ್’ ಎಂದು ಕರೆಯುವ ಮರಾಠಾ ಪಲ್ಟನ್ನಿನಲ್ಲಿ. 16ರಂದು ಢಾಕಾದಲ್ಲಿ ಯುದ್ಧ ಮುಗಿದರೂ ಕಾಗದ ಬರಲಿಲ್ಲ. ಅತ್ತೆ ಹಾಸಿಗೆ ಹಿಡಿದಿದ್ದಳು. ಆಯಿ ಟ್ರಂಕಿನಿಂದ ಹಳೆಯ ಕಾಗದವೊಂದನ್ನು ತೆಗೆದು, ತಾರೀಖು ಬಿಟ್ಟು, ಈಗಷ್ಟೇ ಬಂದದ್ದೆಂಬಂತೆ ಗಟ್ಟಿಯಾಗಿ ಓದಿದಳು: ಅರಾಮ ಇದ್ದೇನೆ, ಅವ್ವಗ ಔಷಧ ತಪ್ಪಿಸಬ್ಯಾಡ. ಮರುವಾರ ಇನ್ನೊಂದು. ಓದಿ ಮುಗಿಸಿ ಹಿತ್ತಲಿಗೆ ಹೋಗಿ ಕುಳ್ಳು ತಟ್ಟುತ್ತ ನಿಲ್ಲುತ್ತಿದ್ದಳಂತೆ. ನಿಜವಾದ ಕಾಗದ ಬಂದದ್ದು ಜನವರಿಯಲ್ಲಿ. ಅದನ್ನು ಮಾತ್ರ ಯಾರಿಗೂ ಓದಿ ಹೇಳಲಿಲ್ಲ.

ಇಬ್ಬರೂ ಕೂಡಿ ತೆಗೆಸಿದ ಫೋಟೊ ಒಂದೇ. ಪಿಂಚಣಿ ಕಾಗದಕ್ಕೆ ಬೇಕೆಂದು ಗೋಕಾಕದ ಸ್ಟುಡಿಯೊದಲ್ಲಿ ತೆಗೆಸಿದ್ದು.

2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಸಿಲುಕಿದ್ದ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಂತ ಸಿಕ್ಕ ಸುದ್ದಿ ಬಂದಾಗ ಆಯಿ ಟಿವಿ ಬಿಟ್ಟು ಏಳಲಿಲ್ಲ. 11ರಂದು ಅವರು ತೀರಿಕೊಂಡರು. ಪತ್ನಿ ಮಹಾದೇವಿಯವರ ಮುಖ ಕಂಡೊಡನೆ ಆಯಿ ಕೇಳಿದ್ದು ಒಂದೇ ಮಾತು: “ಆ ಹುಡುಗಿ ಹಂತ್ಯಾಕ ರಾತ್ರಿ ಯಾರ ಮಲಗ್ತಾರ?”

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ನಾವೂ ಮನೆ ಬಿಟ್ಟು ಶಾಲೆ ಸೇರಿದೆವು. ಎಂಬತ್ತರ ಹತ್ತಿರದ ಆಯಿ ಹೊತ್ತು ತಂದದ್ದು ಕೌದಿಯೊಂದನ್ನೇ. ಅದನ್ನೂ ರಾತ್ರಿ ಪಕ್ಕದ ಓಣಿಯ ಬಾಣಂತಿಗೆ ಹಾಸಿಕೊಟ್ಟು, ತಾನು ಬರೀ ಫರ್ಸಿಯ ಮೇಲೆ ಸೆರಗು ಹೊದ್ದು ಮಲಗಿದಳು. ನಾವು ಬೇಡವೆಂದರೆ ಬೈದಳು.

“ನಿಮ್ಮ ಮುತ್ಯಾ ಎಷ್ಟ್ ವರ್ಷ ನೆಲದಾಗ ಮಲಗ್ಯಾರ. ನನಗೇನಾಗ್ತೈತಿ? ದೀಪಾ ಆರಸ್ರಿ.”